ಹೆಲ್ತ್ ಪ್ರಮೋಷನ್ ಪದವಿ: ಏನು ಕಲಿಸುತ್ತಾರೆ, ಎಲ್ಲಿ ಕೆಲಸವಿದೆ, ಸೇರುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಮ್ಮದು ಗೌರಿಬಿದನೂರು ತಾಲ್ಲೂಕು. ಮಗಳು ಪಿಸಿಎಂಬಿಯಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ನೀಟ್‌ನಲ್ಲಿ ಸೀಟು ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ಬಿ.ಎಸ್ಸಿ ನರ್ಸಿಂಗ್‌ಗೆ ಸೇರು ಅಂದರೆ ಒಪ್ಪುತ್ತಿಲ್ಲ. ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಹೆಲ್ತ್ ಪ್ರಮೋಷನ್ ಮುಖ್ಯ ವಿಷಯವಾಗಿರುವ ಪದವಿ ಇದೆ, ಅದನ್ನೇ ಓದುತ್ತೇನೆ ಅನ್ನುತ್ತಾಳೆ. ಆಶಾ ಕಾರ್ಯಕರ್ತೆಯರು ಮಾಡುವ ಕೆಲಸಕ್ಕೆ ಡಿಗ್ರಿ ಯಾಕೆ ಅಂತ ನೆಂಟರು ಕೇಳುತ್ತಾರೆ. ಇದರಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಲೆಕ್ಕ ಕಷ್ಟವೇ? ಸರ್ಕಾರಿ ಕೆಲಸ ಸಿಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಫೀಸು ಕಟ್ಟುವ ಮುಂಚೆ ತಿಳಿದಿರಬೇಕಾದ್ದು ಅದು. ಹೆಲ್ತ್ ಪ್ರಮೋಷನ್, ಅಂದರೆ ಜನ ಕಾಯಿಲೆ ಬೀಳದೆ ಆರೋಗ್ಯವಾಗಿರುವಂತೆ ನೋಡಿಕೊಳ್ಳುವ ವಿದ್ಯೆ. ಅದರ ಪದವಿ ಒಂದನ್ನೇ ಹಿಡಿದು ಹೋದರೆ ಆರೋಗ್ಯ ಇಲಾಖೆಯ ಕಾಯಂ ಹುದ್ದೆಗೆ ದಾರಿ ಬಹಳ ಕಿರಿದು. ಊರ ಮಟ್ಟದ ಹುದ್ದೆಗಳಿಗೆ ಅವುಗಳದ್ದೇ ಓದು ಗೊತ್ತುಮಾಡಿದ್ದಾರೆ. ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಅಂದರೆ ಜನ ಈಗಲೂ ಎಎನ್‌ಎಂ ಸಿಸ್ಟರ್ ಅಂತ ಕರೆಯುವವರು, ಎಎನ್‌ಎಂ ತರಬೇತಿ ಪಡೆದಿರಬೇಕು. ಆರೋಗ್ಯ ನಿರೀಕ್ಷಣಾಧಿಕಾರಿಗೆ ಹೆಲ್ತ್ ಇನ್‌ಸ್ಪೆಕ್ಟರ್ ಡಿಪ್ಲೊಮಾ ಬೇಕು. ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಹುದ್ದೆ ನರ್ಸಿಂಗ್ ಓದಿದವರದು. ತಂಬಾಕು ನಿಯಂತ್ರಣದ ಜಿಲ್ಲಾ ಸಲಹೆಗಾರರಂಥ ಗುತ್ತಿಗೆ ಹುದ್ದೆಗಳಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯನ್ನೇ ಕೇಳುತ್ತಾರೆ. ಸರ್ಕಾರಿ ಕೆಲಸವೊಂದೇ ಗುರಿಯಾದರೆ ನಿಮ್ಮ ಮಗಳಿಗೆ ನರ್ಸಿಂಗ್ ದಾರಿಯೇ ಹತ್ತಿರ.

ಗುರಿ ಅದೊಂದೇ ಅಲ್ಲವಾದರೆ ಲೆಕ್ಕ ಬೇರೆ. ಈ ಪದವಿ ಮುಗಿಸಿ ಎರಡು ವರ್ಷದ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಮಾಡಿದರೆ, ಸ್ವಯಂಸೇವಾ ಸಂಸ್ಥೆಗಳು, ಸಂಶೋಧನಾ ಯೋಜನೆಗಳು, ಕಂಪನಿಗಳ ಸಿಎಸ್‌ಆರ್ (ಸಮಾಜಸೇವೆಯ) ವಿಭಾಗ, ಆಸ್ಪತ್ರೆಗಳ ರೋಗತಡೆ ಘಟಕಗಳಲ್ಲಿ ಕೆಲಸಗಳಿವೆ. ಆರೋಗ್ಯ ಶಿಕ್ಷಣಕ್ಕೆಂದೇ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾವೂ ಇದೆ. ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ, ತಮಿಳುನಾಡಿನ ಗಾಂಧಿಗ್ರಾಮದ ಗ್ರಾಮೀಣ ಆರೋಗ್ಯ ಸಂಸ್ಥೆ ಅದಕ್ಕೆ ಹೆಸರಾದವು. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ವೃತ್ತಿಪಟ್ಟಿಯಲ್ಲಿ ಆರೋಗ್ಯ ಶಿಕ್ಷಕರು, ಸಮುದಾಯ ಆರೋಗ್ಯ ಪ್ರವರ್ತಕರನ್ನು ಸೇರಿಸಿಕೊಂಡಿದೆ. ಆ ಕಾಯ್ದೆಯ ಪ್ರಕಾರ ಹೆಲ್ತ್‌ಕೇರ್ ವೃತ್ತಿಪರರು ಅನ್ನಿಸಿಕೊಳ್ಳಲು ಪದವಿಯಲ್ಲಿ ಕಡಿಮೆಯೆಂದರೆ 3,600 ಗಂಟೆ ಓದು ಮತ್ತು ತರಬೇತಿ ಆಗಿರಬೇಕು. ಅಲೈಡ್ ಹೆಲ್ತ್ ವೃತ್ತಿಪರರಿಗೆ, ಅಂದರೆ ತಪಾಸಣೆ, ಚಿಕಿತ್ಸೆಗೆ ನೆರವಾಗುವ ತಂತ್ರಜ್ಞರಂಥವರಿಗೆ, 2,000 ಗಂಟೆ. ನೀವು ನೋಡುತ್ತಿರುವ ಕೋರ್ಸಿನಲ್ಲಿ ಎಷ್ಟು ಗಂಟೆ ಎಂಬುದನ್ನು ಬರವಣಿಗೆಯಲ್ಲೇ ಕೇಳಿ. ಮುಂದೆ ನೋಂದಣಿ ಅಂತ ಬಂದಾಗ ಈ ಅಂಕಿಯೇ ಲೆಕ್ಕಕ್ಕೆ ಬರುತ್ತದೆ.

ಈಗ ನೆಂಟರ ಪ್ರಶ್ನೆ. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗುತ್ತಾರೆ, ತಿಳಿಸುತ್ತಾರೆ, ಕರೆತರುತ್ತಾರೆ. ಆ ಕೆಲಸ ದೊಡ್ಡದು. ಆದರೆ ಯಾವ ಮನೆಗೆ, ಯಾವ ವಿಷಯ, ಯಾವ ವಯಸ್ಸಿನವರಿಗೆ, ಹೇಳಿದ ಮೇಲೂ ಜನ ಬದಲಾಗದಿದ್ದರೆ ಅಡ್ಡಿ ಎಲ್ಲಿದೆ, ಬದಲಾದರು ಅನ್ನುವುದಕ್ಕೆ ಪುರಾವೆ ಏನು, ಇವನ್ನು ಯೋಚಿಸಿ ಯೋಜನೆ ಕಟ್ಟುವ ವಿದ್ಯೆ ಬೇರೆ. ಈ ಪದವಿ ಕಲಿಸಬೇಕಾದ್ದು ಅದನ್ನು. 1986ರ ನವೆಂಬರ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನ ಹೊರಡಿಸಿದ ಸನ್ನದು ಈ ವಿಷಯಕ್ಕೆ ಬುನಾದಿ. ಅದರಲ್ಲಿ ಐದು ಕೆಲಸಗಳಿವೆ: ಆರೋಗ್ಯಕ್ಕೆ ಒದಗುವ ನೀತಿ ರೂಪಿಸುವುದು, ಸುತ್ತಲ ಪರಿಸರವನ್ನು ಅನುಕೂಲ ಮಾಡುವುದು, ಊರಿನವರ ಕೈ ಬಲಪಡಿಸುವುದು, ವ್ಯಕ್ತಿಯ ಕೌಶಲ ಬೆಳೆಸುವುದು, ಆರೋಗ್ಯ ಸೇವೆಯನ್ನೇ ರೋಗತಡೆಯ ಕಡೆಗೆ ತಿರುಗಿಸುವುದು. ಗಮನಿಸಿ, ಭಾಷಣ ಮಾಡಿ ಅರಿವು ಮೂಡಿಸುವುದು ಈ ಐದರಲ್ಲಿ ಒಂದರ ಒಂದು ಭಾಗ ಮಾತ್ರ. ಮೂರು ವರ್ಷ ಪೂರ್ತಿ ಜಾಥಾ, ಭಿತ್ತಿಪತ್ರ, ಬೀದಿನಾಟಕದಲ್ಲೇ ಕಳೆಯುವ ಕೋರ್ಸು ಆ ಹೆಸರಿಗೆ ತಕ್ಕುದಲ್ಲ.

ಪಠ್ಯಕ್ರಮ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ ಇದ್ದರೂ ಹಂದರ ಹೆಚ್ಚುಕಮ್ಮಿ ಒಂದೇ. ಮೊದಲ ವರ್ಷ ದೇಹರಚನೆ, ಸಮಾಜಶಾಸ್ತ್ರ, ಮನಃಶಾಸ್ತ್ರ, ಸಾರ್ವಜನಿಕ ಆರೋಗ್ಯದ ಪರಿಚಯ. ಎರಡನೆಯ ವರ್ಷ ಸಾಂಕ್ರಾಮಿಕ ಶಾಸ್ತ್ರ, ಜೀವಸಂಖ್ಯಾಶಾಸ್ತ್ರ, ಪೋಷಣೆ, ನಡವಳಿಕೆಯ ಸಿದ್ಧಾಂತಗಳು, ಆರೋಗ್ಯ ಸಂವಹನ. ಕೊನೆಯ ವರ್ಷ ಯೋಜನೆ ರೂಪಿಸುವುದು, ಮೌಲ್ಯಮಾಪನ, ನೀತಿ, ಇಂಟರ್ನ್‌ಶಿಪ್. ಹೆಸರುಗಳನ್ನು ಓದಿದರೆ ಏನೂ ತಿಳಿಯುವುದಿಲ್ಲ. ನಿಮ್ಮ ಭಾಗದ್ದೇ ಒಂದು ತೊಂದರೆಯನ್ನು ಹಿಡಿದು, ಒಳ್ಳೆಯ ಕೋರ್ಸಿನ ವಿದ್ಯಾರ್ಥಿನಿ ಅದನ್ನು ಹೇಗೆ ಬಿಡಿಸುತ್ತಾಳೆ ನೋಡೋಣ.

ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆ ಕೊಳವೆಬಾವಿ ನೀರಿನಲ್ಲಿ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಕಾಲೇಜುಗಳು ಸಾಮಾನ್ಯವಾಗಿ ಮಾಡುವುದೇನು? ಹೈಸ್ಕೂಲಿಗೆ ಹೋಗಿ ಮಕ್ಕಳನ್ನು ಕೂರಿಸಿ ಹಲ್ಲಿನ ಚಿತ್ರ ತೋರಿಸಿ ಬರುತ್ತವೆ. ಆದರೆ ಹಲ್ಲಿನ ಮೇಲೆ ಕಲೆ ಬೀಳುವುದು ಕಾಯಂ ಹಲ್ಲಿನ ಎನಾಮಲ್ ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಸುಮಾರು 8 ವರ್ಷದ ತನಕ. ಹದಿನಾಲ್ಕರ ಹುಡುಗನಿಗೆ ಮೂಳೆಯ ಮಟ್ಟಿಗೆ ಆ ಮಾತು ಇನ್ನೂ ಬೇಕು; ಹಲ್ಲಿನ ಮಟ್ಟಿಗೆ ಕಾಲ ಮೀರಿದೆ. ಹಲ್ಲು ಉಳಿಸಬೇಕಾದರೆ ಹೋಗಬೇಕಾದ್ದು ಅಂಗನವಾಡಿಗೆ, ಪುಟ್ಟ ಮಕ್ಕಳಿರುವ ಮನೆಗೆ. ಮೊದಲನೆಯ ಪಾಠ ಇದು: ಯಾರಿಗೆ ಹೇಳಬೇಕು ಎಂಬುದನ್ನು ರೋಗದ ಸ್ವಭಾವ ತೀರ್ಮಾನಿಸಬೇಕು. ಜನ ಸುಲಭಕ್ಕೆ ಸಿಗುತ್ತಾರೆ ಅನ್ನುವ ಕಾರಣಕ್ಕೆ ಜಾಗ ಆರಿಸಿದರೆ ಇಡೀ ಶ್ರಮ ಗುರಿ ತಪ್ಪುತ್ತದೆ.

ಎರಡನೆಯದು, ಮನೆಯೊಳಗೆ ಹೋಗಿ ನೋಡುವುದು. ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುವ ಎಷ್ಟೋ ಮನೆಗಳು ಅದನ್ನು ಕುಡಿಯಲು ಮಾತ್ರ ಇಟ್ಟುಕೊಂಡು, ಮುದ್ದೆಗೆ, ಅನ್ನಕ್ಕೆ, ಸಾರಿಗೆ ನಲ್ಲಿ ನೀರನ್ನೇ ಹಾಕುತ್ತವೆ. ಮುದ್ದೆ ಮತ್ತು ಅನ್ನ ಹೀರಿಕೊಂಡ ನೀರಿನ ಜೊತೆ ಫ್ಲೋರೈಡೂ ಹೊಟ್ಟೆಗೆ ಹೋಗುತ್ತದೆ. ಕುದಿಸಿದರೆ ಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ; ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಟಿಡಿಎಸ್ ಪೆನ್ನು ಅದ್ದಿ ನೀರು ಚೆನ್ನಾಗಿದೆ ಅನ್ನುವುದೂ ತಪ್ಪು. ಆ ಪೆನ್ನು ಒಟ್ಟು ಕರಗಿದ ಲವಣದ ಅಂದಾಜು ಕೊಡುತ್ತದೆಯೇ ಹೊರತು ಫ್ಲೋರೈಡ್ ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಫ್ಲೋರೈಡ್ ಪರೀಕ್ಷೆಯ ಕಿಟ್ ಅಥವಾ ಪ್ರಯೋಗಾಲಯ ಬೇಕು.

ಮೂರನೆಯದು ಅಡ್ಡಿಗಳ ಲೆಕ್ಕ. ಕುಡಿಯಲು ಮತ್ತು ಅಡುಗೆಗೆ ತಲೆಗೆ 7–8 ಲೀಟರ್ ಹಿಡಿದರೆ ಐದು ಜನರ ಮನೆಗೆ ದಿನಕ್ಕೆ ಎರಡು ಕ್ಯಾನ್ ಬೇಕು. ತುಂಬಿದ ಕ್ಯಾನ್ ಒಂದಕ್ಕೆ 20 ಕಿಲೋ ಮೇಲೆ ಭಾರ. ಹೊರುವವರು ಯಾರು? ಬೈಕ್ ಇರುವ ಗಂಡಸು ಬೆಳಗ್ಗೆ ಕೆಲಸಕ್ಕೆ ಹೋದ ಮೇಲೆ ಘಟಕ ತೆರೆದರೆ? ನಾಣ್ಯದ ಪೆಟ್ಟಿಗೆ ಕೆಟ್ಟು ನಿಂತಿದ್ದರೆ? ಈ ಕ್ಷೇತ್ರದಲ್ಲಿ ಪ್ರಿಸೀಡ್–ಪ್ರೊಸೀಡ್ ಎಂಬ ಯೋಜನಾ ಮಾದರಿಯನ್ನು ಎಲ್ಲ ಕಡೆ ಕಲಿಸುತ್ತಾರೆ. ಅದು ಕಾರಣಗಳನ್ನು ಮೂರು ಗುಂಪು ಮಾಡಿಸುತ್ತದೆ. ನಮ್ಮ ತಾತನೂ ಇದೇ ನೀರು ಕುಡಿದ ಅನ್ನುವಂಥ, ಮನಸ್ಸಿನೊಳಗಿನವು ಒಂದು. ಘಟಕ, ದೂರ, ಹಣ, ಸಮಯ, ಗಾಡಿಯಂಥ ಅನುಕೂಲಗಳು ಎರಡು. ಘಟಕದ ನೀರಿನಲ್ಲಿ ಅನ್ನ ಚೆನ್ನಾಗಿ ಬೇಯುತ್ತದೆ ಅಂತ ಅತ್ತೆ ಒಪ್ಪುವುದು, ಅಂಗನವಾಡಿ ಟೀಚರ್ ಮೆಚ್ಚುವುದು, ಇಂಥ ಬೆನ್ನು ತಟ್ಟುವವು ಮೂರು. ಅಡ್ಡಿ ಎರಡನೆಯ ಗುಂಪಿನಲ್ಲಿದ್ದಾಗ ಮೊದಲನೆಯ ಗುಂಪಿಗೆ ಭಾಷಣ ಕೊಡುವುದೇ ನಮ್ಮ ಕಡೆಯ ಅರಿವು ಕಾರ್ಯಕ್ರಮಗಳ ಅತಿ ಸಾಮಾನ್ಯ ದೋಷ. ಘಟಕದ ಸಮಯ ಸಂಜೆಗೆ ಬದಲಾಯಿಸಲು ಪಂಚಾಯಿತಿಯಲ್ಲಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಮಾತಾಡುವುದೂ ಹೆಲ್ತ್ ಪ್ರಮೋಷನ್ನೇ. ಅಷ್ಟೇ ಅಲ್ಲ, ಹೆಚ್ಚಿನ ಸಲ ಫಲ ಕೊಡುವುದೂ ಅದೇ.

ನಾಲ್ಕನೆಯದು ಗುರಿ ಬರೆಯುವುದು. ಜನರಲ್ಲಿ ಅರಿವು ಮೂಡಿಸುವುದು ಅಂತ ಬರೆದರೆ ಅದು ಗುರಿಯಲ್ಲ, ಯಾಕೆಂದರೆ ತಲುಪಿದಿರೋ ಇಲ್ಲವೋ ಅಳೆಯಲು ಬರುವುದಿಲ್ಲ. ಈ ಪಂಚಾಯಿತಿಯಲ್ಲಿ ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳ ಪೈಕಿ ಅಡುಗೆಗೂ ಘಟಕದ ನೀರು ಬಳಸುವವು ಈಗ 100ಕ್ಕೆ 20 ಇದ್ದರೆ, ಆರು ತಿಂಗಳಲ್ಲಿ 50 ಆಗಬೇಕು: ಇದು ಗುರಿ.

ಲೆಕ್ಕದ ಪ್ರಶ್ನೆ ಇಲ್ಲೇ ಬಂತು. ಆ 20 ಎಂಬ ಅಂಕಿಯನ್ನು ಎಷ್ಟು ಮನೆ ನೋಡಿ ಹೇಳಬಹುದು? ಪದವಿ ಮಟ್ಟದಲ್ಲಿ ಕಲಿಸುವ ಸರಳ ಸೂತ್ರ ಹೀಗೆ: ಅಂದಾಜು ಶೇಕಡಾವಾರು, ಅದನ್ನು 100ರಿಂದ ಕಳೆದರೆ ಉಳಿಯುವುದು, ಇವೆರಡನ್ನೂ ಗುಣಿಸಿ, ನಾಲ್ಕರಿಂದ ಗುಣಿಸಿ, ಒಪ್ಪಬಹುದಾದ ತಪ್ಪಿನ ವರ್ಗದಿಂದ (ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಯಿಂದ) ಭಾಗಿಸಿ. 20 ಗುಣಿಸು 80 ಗುಣಿಸು 4, ಅಂದರೆ 6,400. ತಪ್ಪು ಆಚೀಚೆ 5 ಅಂತ ಹಿಡಿದರೆ 25ರಿಂದ ಭಾಗಿಸಿ: 256 ಮನೆ. ಮನೆಗಳನ್ನು ಬಿಡಿಬಿಡಿಯಾಗಿ ಆರಿಸದೆ ಊರು ಊರು ಗುಂಪಾಗಿ ಆರಿಸಿದರೆ ಅದನ್ನು ಹೆಚ್ಚಿಸಬೇಕು. ಬಹಳ ಸಲ ಎರಡು ಪಟ್ಟು, ಅಂದರೆ 512. ಪಿಸಿಎಂಬಿ ಓದಿದ ಹುಡುಗಿಗೆ ಇದು ಕಷ್ಟವಲ್ಲ. ಕಷ್ಟವಾಗುವುದು ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕ ಮೂವತ್ತು ಹೆಂಗಸರನ್ನು ಕೇಳಿ ಮುಗಿಸಿಬಿಡೋಣ ಎಂಬ ಸೋಮಾರಿತನವನ್ನು ಗೆಲ್ಲುವುದು. ಆಸ್ಪತ್ರೆಗೆ ಬಂದವರು ಊರಿನ ಎಲ್ಲರಂತೆ ಇರುವುದಿಲ್ಲ, ಮೂವತ್ತು ಜನರಿಂದ ಬಂದ ಶೇಕಡಾವಾರು ನಿಲ್ಲುವುದೂ ಇಲ್ಲ.

ಮೌಲ್ಯಮಾಪನದಲ್ಲೂ ಹೀಗೇ ಆಗುತ್ತದೆ. ಭಾಷಣಕ್ಕೆ ಮುಂಚೆ ಹತ್ತು ಪ್ರಶ್ನೆ, ಮುಗಿದ ಕೂಡಲೆ ಅದೇ ಹತ್ತು ಪ್ರಶ್ನೆ ಕೊಟ್ಟು ಅಂಕ ಏರಿತು ಅಂತ ವರದಿ ಬರೆಯುತ್ತಾರೆ. ಅದು ಅರ್ಧ ಗಂಟೆಯ ನೆನಪಿನ ಪರೀಕ್ಷೆ. ಮೂರು ತಿಂಗಳ ಮೇಲೆ ಮನೆಗೆ ಹೋಗಿ, ನೀವು ಕೈ ತೊಳೆಯುತ್ತೀರಾ ಅಂತ ಕೇಳದೆ ಕೈ ತೊಳೆಯುವ ಜಾಗದಲ್ಲಿ ಸೋಪು, ನೀರು ಇದೆಯೇ ಎಂದು ನೋಡಬೇಕು. ನೀರಿನ ವಿಷಯದಲ್ಲಿ ಕ್ಯಾನ್ ಅಡುಗೆಮನೆಯಲ್ಲಿದೆಯೋ ನಡುಮನೆಯಲ್ಲಿದೆಯೋ ಎಂಬುದೇ ಅರ್ಧ ಉತ್ತರ.

ಅಳತೆಯ ಶಿಸ್ತು ಕೈಯಲ್ಲಿ ಬರಬೇಕಾದ್ದು, ಪುಸ್ತಕದಿಂದ ಬರುವುದಿಲ್ಲ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆಯಂಥ ಕಾಯಿಲೆಯ ಅಪಾಯ ಅಂದಾಜಿಸಲು ಆಶಾ ತುಂಬುವ ಸಿಬಿಎಸಿ ನಮೂನೆಯಲ್ಲಿ ಸೊಂಟದ ಸುತ್ತಳತೆ ಒಂದು ಅಂಶ. ಹೆಂಗಸರಿಗೆ 80 ಸೆಂ.ಮೀ, ಗಂಡಸರಿಗೆ 90 ದಾಟಿದರೆ ಅಂಕ ಬೀಳುತ್ತದೆ. ಒಟ್ಟು ಅಂಕ 4 ದಾಟಿದವರನ್ನು ಬಿಪಿ, ಸಕ್ಕರೆ ತಪಾಸಣೆಗೆ ಮೊದಲು ಕರೆತರಬೇಕು. ಟೇಪು ಇಡಬೇಕಾದ ಜಾಗ ಕೊನೆಯ ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚಿನ ನಟ್ಟನಡುವೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ, ಟೇಪು ನೆಲಕ್ಕೆ ಸಮಾನಾಂತರವಾಗಿ. ಸೀರೆ ನೆರಿಗೆಯ ಮೇಲೆ ಅಳೆದರೆ ಕೆಲವು ಸೆಂಟಿಮೀಟರ್ ಸುಮ್ಮನೆ ಸೇರುತ್ತವೆ, ಆರೋಗ್ಯವಂತೆಯೂ ಅಪಾಯದ ಪಟ್ಟಿಗೆ ಬೀಳುತ್ತಾಳೆ. ಬೀದಿಯಲ್ಲಿ ನಿಲ್ಲಿಸಿ ಅಳೆದರೆ ಮುಂದಿನ ಮನೆಯವರು ಬಾಗಿಲೇ ತೆರೆಯುವುದಿಲ್ಲ. ಒಳಗೆ, ಮರೆಯಲ್ಲಿ, ಹೆಣ್ಣುಮಕ್ಕಳೇ ಅಳೆಯಬೇಕು. ಮನೆಬಾಗಿಲಿಗೆ ಹೋಗಿ ಇಂಥ ತಪಾಸಣೆ ಮಾಡುವ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದಲೇ ಶುರುವಾಯಿತು, ಹಾಗಾಗಿ ಈ ಭಾಗದ ವಿದ್ಯಾರ್ಥಿಗಳಿಗೆ ನೋಡಿ ಕಲಿಯಲು ಜಾಗ ದೂರವಿಲ್ಲ.

ಸಲಹೆ ಕೊಡುವುದನ್ನೂ ಹೀಗೆ ಅಳತೆಗೆ ಇಳಿಸಲು ಕಲಿಯಬೇಕು. ಉಪ್ಪು ಕಡಿಮೆ ತಿನ್ನಿ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ತಿಂಗಳಿಗೆ ಎಷ್ಟು ಪಾಕೆಟ್ ತರುತ್ತೀರಿ ಅಂತ ಕೇಳಬೇಕು. ನಾಲ್ಕು ಜನರ ಮನೆಗೆ ತಿಂಗಳಿಗೆ ಒಂದು ಕಿಲೋ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ಮೇಲಾಯಿತು, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ. ಆ ಪಾಕೆಟ್ ಎರಡು ತಿಂಗಳು ಬರುವ ಹಾಗೆ ನೋಡಿಕೊಳ್ಳಿ ಅಂದರೆ ಮನೆಯಾಕೆಗೆ ಹಿಡಿಯಲು ಒಂದು ಗುರುತು ಸಿಕ್ಕಿತು.

ಭಾಷೆಯ ಮಾತು ಹೇಳಲೇಬೇಕು. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆ ಎಷ್ಟೋ ಮನೆಯ ಮಾತು ತೆಲುಗು; ಶಿಡ್ಲಘಟ್ಟ, ಕೋಲಾರ ಪೇಟೆಯಲ್ಲಿ ಉರ್ದು; ಕೆಜಿಎಫ್‌ನಲ್ಲಿ ತಮಿಳು. ಇಂಗ್ಲಿಷ್ ಪ್ರಶ್ನಾವಳಿಯನ್ನು ಗ್ರಾಂಥಿಕ ಕನ್ನಡಕ್ಕೆ ಇಳಿಸಿ ಅಲ್ಲಿ ಓದಿದರೆ ಜನ ಮರ್ಯಾದೆಗೆ ಹೂಂ ಅನ್ನುತ್ತಾರೆ. ಪ್ರಶ್ನೆಗಳನ್ನು ಆಡುಮಾತಿಗೆ ತಂದು, ಬೇರೊಬ್ಬರಿಂದ ಹಿಂದಕ್ಕೆ ಅನುವಾದ ಮಾಡಿಸಿ ಹೋಲಿಸಿ, ಹತ್ತಾರು ಜನರ ಮೇಲೆ ಮೊದಲು ಪ್ರಯೋಗಿಸಿ ನೋಡುವುದು ಕಡ್ಡಾಯ. ಗುಂಪು ಚರ್ಚೆಗೆ 6ರಿಂದ 10 ಜನ, ಒಂದರಿಂದ ಒಂದೂವರೆ ಗಂಟೆ, ಮಾತಾಡಿಸುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು. ಅತ್ತೆ ಸೊಸೆಯನ್ನು ಒಂದೇ ಗುಂಪಿನಲ್ಲಿ ಕೂರಿಸಿದರೆ ಸೊಸೆಯ ಮಾತು ಹೊರಗೆ ಬರುವುದಿಲ್ಲ. ಗೌರಿಬಿದನೂರಿನಲ್ಲಿ ಬೆಳೆದು ಎರಡು ಭಾಷೆ ಆಡುವ ಹುಡುಗಿಗೆ ಇದು ದೊಡ್ಡ ಬಂಡವಾಳ. ಬೆಂಗಳೂರಿನ ಎಷ್ಟೋ ಎಂಪಿಎಚ್ ವಿದ್ಯಾರ್ಥಿಗಳಿಗೆ ಅದಿಲ್ಲ.

ಪ್ರಾಜೆಕ್ಟ್‌ಗೆ ವಿಷಯ ಹುಡುಕಿ ದೂರ ಹೋಗಬೇಕಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಕೈ ಇಡೀ ದಿನ ಬಿಸಿನೀರಿನಲ್ಲಿರುತ್ತದೆ. ಚರ್ಮದ ತೊಂದರೆ, ಉಬ್ಬಸ ಅಲ್ಲಿ ಕಸುಬಿನ ಜೊತೆಗೇ ಬರುತ್ತವೆ. ನರಸಾಪುರ, ವಸಂತನರಸಾಪುರ ಕೈಗಾರಿಕಾ ಪ್ರದೇಶಗಳ ಪಾಳಿ ಕೆಲಸದ ಹುಡುಗಿಯರಲ್ಲಿ ರಕ್ತಹೀನತೆ ಇನ್ನೊಂದು ವಿಷಯ. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಹಾಗಾದರೆ ಕ್ಯಾಂಟೀನಿನಲ್ಲಿ ಟೀ ಯಾವ ಹೊತ್ತಿಗೆ, ಮಾತ್ರೆ ಯಾವ ಹೊತ್ತಿಗೆ? ಒಳ್ಳೆಯ ಯೋಜನೆ ಅಲ್ಲಿಂದ ಹುಟ್ಟುತ್ತದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿದೆಯೇ, ಪದವಿಯ ಹೆಸರು ಯುಜಿಸಿ ಸೂಚಿಸಿದ ಹೆಸರುಗಳಲ್ಲಿ ಇದೆಯೇ ನೋಡಿ. ಪಟ್ಟಿಯಲ್ಲಿ ಇಲ್ಲದ ಚಂದದ ಹೆಸರು ಮುಂದೆ ಅರ್ಜಿ ಹಾಕುವಾಗಲೆಲ್ಲ ತಕರಾರು ತರುತ್ತದೆ. ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಮಾಡಿಸುತ್ತೇವೆ ಅಂದರೆ ಬೇಡ. 2021ರ ಆ ಕಾಯ್ದೆಯ ವ್ಯಾಪ್ತಿಯ ಕೋರ್ಸುಗಳನ್ನು 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಹಾಗೆ ನಡೆಸಬಾರದೆಂದು ಯುಜಿಸಿ ಹೇಳಿದೆ. ಪಾಠ ಮಾಡುವವರಲ್ಲಿ ಸಮುದಾಯ ವೈದ್ಯಶಾಸ್ತ್ರ ಅಥವಾ ಸಾರ್ವಜನಿಕ ಆರೋಗ್ಯ ಓದಿದವರು ಎಷ್ಟು ಮಂದಿ ಕೇಳಿ. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ಜೊತೆ ಲಿಖಿತ ಒಪ್ಪಂದ ಇದೆ, ವಾರಕ್ಕೆ ಎಷ್ಟು ಗಂಟೆ ಹಳ್ಳಿಯಲ್ಲಿ ಕೆಲಸ ಕೇಳಿ. ಕ್ಷೇತ್ರಕಾರ್ಯ ಅಂದರೆ ಸೆಮಿಸ್ಟರಿಗೆ ಒಂದು ದಿನದ ಪ್ರವಾಸ ಅಂತ ಉತ್ತರ ಬಂದರೆ ಅಲ್ಲಿಗೆ ಬಿಡಿ.

ಎಲ್ಲಕ್ಕಿಂತ ಮುಖ್ಯ, ಹಿಂದಿನ ಬ್ಯಾಚಿನ ಒಂದು ಪ್ರಾಜೆಕ್ಟ್ ವರದಿ ತೋರಿಸಿ ಅನ್ನಿ. ಎಷ್ಟು ಮನೆ, ಹೇಗೆ ಆರಿಸಿದರು, ಜನರ ಮೇಲಿನ ಅಧ್ಯಯನವನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಕೆಲಸ ಮುಗಿದು ತಿಂಗಳುಗಳಾದ ಮೇಲೆ ಮತ್ತೆ ಅಳೆದರೇ, ಈ ನಾಲ್ಕನ್ನು ನಿಮ್ಮ ಮಗಳೇ ಹುಡುಕಲಿ.

ಈ ಪದವಿ ಸಿಗದಿದ್ದರೂ ಇದೇ ಕೆಲಸಕ್ಕೆ ಬೇರೆ ದಾರಿಗಳಿವೆ. ಬಿಎಸ್‌ಡಬ್ಲ್ಯು (ಸಮಾಜಕಾರ್ಯದ ಪದವಿ) ಅಥವಾ ಪೋಷಣೆಯ ಬಿ.ಎಸ್ಸಿ ಮಾಡಿ ಎಂಪಿಎಚ್‌ಗೆ ಹೋಗಬಹುದು. ಕೆಲವು ಎಂಪಿಎಚ್‌ಗಳು ಯಾವ ಪದವಿಯನ್ನಾದರೂ ಒಪ್ಪುತ್ತವೆ, ಕೆಲವು ಆರೋಗ್ಯ ಸಂಬಂಧಿ ಪದವಿಯನ್ನೇ ಕೇಳುತ್ತವೆ, ಆದ್ದರಿಂದ ಮುಂದೆ ಸೇರಬೇಕಾದ ಕಡೆಯ ಅರ್ಹತೆಯನ್ನು ಈಗಲೇ ಓದಿಟ್ಟುಕೊಳ್ಳಿ. ನರ್ಸಿಂಗ್ ಮುಗಿಸಿ ಎಂಪಿಎಚ್ ಮಾಡಿದವರಿಗೆ ಎರಡೂ ಬಾಗಿಲು ತೆರೆದಿರುತ್ತವೆ. ಅವಳಿಗೆ ವಾರ್ಡಿನ ಕೆಲಸ ಒಗ್ಗಿದರೆ ಮಾತ್ರ. ಒಗ್ಗದವರನ್ನು ನಾಲ್ಕು ವರ್ಷ ಅಲ್ಲಿ ನಿಲ್ಲಿಸುವುದು ಅವರಿಗೂ ಕಷ್ಟ, ರೋಗಿಗಳಿಗೂ ಒಳ್ಳೆಯದಲ್ಲ.

ಸದ್ಯ ಮಾಡಬೇಕಾದ್ದು ಎರಡು. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ನಡೆಯುವ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನಕ್ಕೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಅನುಮತಿ ಕೇಳಿ ಮಗಳನ್ನು ಕಳಿಸಿ; ಸಿಸ್ಟರ್ ಮತ್ತು ಆಶಾ ಜೊತೆ ಬೆಳಗ್ಗೆಯಿಂದ ಕೊನೆತನಕ ಇರಲಿ, ಸಂಜೆ ಅವಳಿಗೆ ಬೇಸರವಾಯಿತೋ ಪ್ರಶ್ನೆಗಳು ಹುಟ್ಟಿದವೋ ಕೇಳಿ. ಇನ್ನೊಂದು, ಅವಳು ಸಿಇಟಿ ಬರೆದಿದ್ದರೆ ಬಿ.ಎಸ್ಸಿ ನರ್ಸಿಂಗ್‌ನ ಆಯ್ಕೆ ದಾಖಲಿಸುವ ಕೊನೆಯ ದಿನಾಂಕವನ್ನು ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನೋಡಿ, ಅದು ಮುಗಿಯುವ ಮುಂಚೆಯೇ ಆ ಪ್ರಾಜೆಕ್ಟ್ ವರದಿ ನಿಮ್ಮ ಕೈಗೆ ಬರುವ ಹಾಗೆ ನೋಡಿಕೊಳ್ಳಿ.